ಜೈನರ ನ್ಯಾಯ: ಸಂಹಿತೆಯೂ ರೂಢಿಯೂ

ಜೈನರು ಹಿಂದೂ ಸಮಾಜದಿಂದಲೇ ಒಡೆದುಹೋದ ಭಿನ್ನಮತೀಯರೆಂದು ಹರಿಸಿಂಗ್ ಗೌರರು ತಮ್ಮ ಹಿಂದೂ ಸಂಹಿತೆಯಲ್ಲಿ ಬರೆದುದಕ್ಕೆ ಪ್ರತ್ಯುತ್ತರವಾಗಿ ಹುಟ್ಟಿದುದು, ಬ್ಯಾರಿಸ್ಟರ್ ಚಂಪತರಾಯ ಜೈನರ 1926ರ ‘ಜೈನ ಲಾ’ ಗ್ರಂಥ. ಭದ್ರಬಾಹುಸಂಹಿತೆ, ವರ್ಧಮಾನನೀತಿ, ಅರ್ಹನ್ನೀತಿ ಮೊದಲಾದವುಗಳಿಂದ ದಾಯವಿಭಾಗದ ವಚನಗಳನ್ನು ಆಯ್ದು ಜೋಡಿಸಿ, ಜೈನರಿಗೆ ತಮ್ಮದೇ ಆದ ವ್ಯವಹಾರಶಾಸ್ತ್ರವುಂಟೆಂದು ಸ್ಥಾಪಿಸುವುದು ಅದರ ಉದ್ದೇಶ.

ಗ್ರಂಥದ ಸತ್ತ್ವವೆಲ್ಲ ದತ್ತಕವಿಚಾರದಲ್ಲಿದೆ. ಪಿಂಡಪ್ರದಾನದಿಂದ ಪಿತೃಗಳಿಗೆ ಸದ್ಗತಿಯೆಂಬುದನ್ನು ಒಪ್ಪದ ಮತದಲ್ಲಿ ಪುತ್ರನು ಪರಲೋಕಕ್ಕೆ ಸಾಧನವಾಗಲಾರನಾದುದರಿಂದ, ದತ್ತಕವೆಂಬುದು ಮನೆಗೂ ಹೊಲಕ್ಕೂ ಒಬ್ಬ ಒಡೆಯನನ್ನು ತರುವ ಲೌಕಿಕ ಏರ್ಪಾಡಾಗಿಯೇ ಉಳಿಯುತ್ತದೆ. ಪುತ್ರಹೀನಳಾದ ವಿಧವೆಯು ಪತಿಯ ಅನುಮತಿಯಿಲ್ಲದೆಯೂ ದತ್ತಕ ಪಡೆಯಬಹುದೆಂಬ ನಿಯಮವು ಈ ತತ್ತ್ವದಿಂದ ತಾನಾಗಿ ಹೊರಡುತ್ತದೆ. ಪ್ರಿವಿ ಕೌನ್ಸಿಲು 1878ರಲ್ಲಿಯೇ ಈ ಅಧಿಕಾರವನ್ನು ಮನ್ನಿಸಿತ್ತು; ಆದರೆ ರೂಢಿಯೆಂದು ಮನ್ನಿಸಿತೇ ಹೊರತು ಶಾಸ್ತ್ರವೆಂದಲ್ಲ. ಚಂಪತರಾಯರಿಗೆ ಬೇಕಾಗಿದ್ದುದು ಶಾಸ್ತ್ರ.

ನನ್ನ ಆಕ್ಷೇಪವಿರುವುದು ಇಲ್ಲಿಯೇ. ಅಂಕಲಗಿ, ಗೋಕಾಕ, ಹುಕ್ಕೇರಿಗಳನ್ನೊಳಗೊಂಡ ಬೆಳಗಾವಿ ಸೀಮೆಯ ಜೈನರಲ್ಲಿ ಬಹುಜನರು ಒಕ್ಕಲುತನದ ಚತುರ್ಥ ಪಂಗಡದವರು; ಅವರಲ್ಲಿ ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಮತ್ತೊಂದು ಮನೆ ತುಂಬಿಸುವ ‘ಉಡಿಕಿ’ ನಡೆಯುತ್ತಿತ್ತು. ಸಂಹಿತೆಗಳ ಕನ್ಯಾದಾನದ ಚೌಕಟ್ಟಿನಲ್ಲಿ ಇದಕ್ಕೆ ಎಡೆಯೆಲ್ಲಿ? ತುಳುನಾಡಿನ ಜೈನ ಮನೆತನಗಳಂತೂ ಅಳಿಯಸಂತಾನವನ್ನೇ ಅನುಸರಿಸಿದವು. ಬಸದಿಗೆ ಹೋಗುವವರು ಒಂದೇ ಮತದವರಾದರೂ ಆಸ್ತಿ ಮಗನಿಗೋ ಸೋದರಳಿಯನಿಗೋ ಎಂಬುದನ್ನು ಊರಿನ ನಡಾವಳಿ ನಿರ್ಣಯಿಸುತ್ತಿತ್ತು. ಸಂಸ್ಕೃತ ಶ್ಲೋಕಗಳಿಂದ ಕಟ್ಟಿದ ಅಖಂಡ ಜೈನನ್ಯಾಯವು, ವಾದಕ್ಕೆ ಎಷ್ಟೇ ಸೊಗಸಾಗಿದ್ದರೂ, ಈ ಒಕ್ಕಲಿಗನ ಬಾಳನ್ನು ಮುಟ್ಟುವುದಿಲ್ಲ.

ನ್ಯಾಯಾಲಯವೂ ಚಂಪತರಾಯರ ವಾದದ ಅರ್ಧವನ್ನೇ ಒಪ್ಪಿತು. 1927ರಲ್ಲಿ ವರದಿಯಾದ ಗಟ್ಟೆಪ್ಪ–ಈರಮ್ಮ ಮೊಕದ್ದಮೆಯಲ್ಲಿ ಮದರಾಸು ಹೈಕೋರ್ಟಿನ ಕುಮಾರಸ್ವಾಮಿ ಶಾಸ್ತ್ರಿಗಳು, ಪ್ರಶ್ನೆ ಹೊಸದಾಗಿದ್ದರೆ ಜೈನರನ್ನು ಹಿಂದೂ ಭಿನ್ನಮತೀಯರೆನ್ನುತ್ತಿರಲಿಲ್ಲವೆಂಬ ಅಭಿಪ್ರಾಯವನ್ನು ಸೂಚಿಸಿದರೂ, ಹಳೆಯ ತೀರ್ಪುಗಳ ಕಟ್ಟನ್ನು ಮೀರಲಿಲ್ಲ. 1955–56ರ ಹಿಂದೂ ವಿವಾಹ, ಉತ್ತರಾಧಿಕಾರ, ದತ್ತಕ ಕಾಯಿದೆಗಳು ಜೈನರನ್ನೂ ತಮ್ಮೊಳಗೆ ಸೇರಿಸಿಕೊಂಡವು. 2014ರಲ್ಲಿ ಕೇಂದ್ರ ಸರಕಾರವು ಅವರನ್ನು ಅಲ್ಪಸಂಖ್ಯಾತರೆಂದು ಘೋಷಿಸಿದ ಮೇಲೂ ಆ ಕಾಯಿದೆಗಳು ಹಾಗೆಯೇ ಇವೆ. ಹದಿನೈದು ವರ್ಷ ದಾಟಿದವನನ್ನೂ, ವಿವಾಹಿತನನ್ನೂ ದತ್ತಕ ಪಡೆಯಲು ದತ್ತಕ ಕಾಯಿದೆ ಬಿಟ್ಟಿರುವ ಅವಕಾಶವು ಕೂಡ ರೂಢಿಯಿದ್ದವರಿಗೇ. ಸಂಹಿತೆಯ ಪ್ರಮಾಣವನ್ನು ಅದು ಕೇಳುವುದಿಲ್ಲ.

ಜೈನರು ಪ್ರತ್ಯೇಕರೆಂಬ ವಾದದ ಬಲವನ್ನು ಅರಿಯಲು ಚಂಪತರಾಯರ ಗ್ರಂಥ ಇಂದಿಗೂ ಓದತಕ್ಕದ್ದು. ದಕ್ಷಿಣದ ಜೈನರು ನಿಜವಾಗಿ ಹೇಗೆ ಬಾಳಿದರೆಂದು ತಿಳಿಯಬಯಸುವವರು ಮಾತ್ರ ವಿಲಾಸ ಸಂಗವೆಯವರ 1959ರ ಸಾಮಾಜಿಕ ಸಮೀಕ್ಷೆಯನ್ನು ಮೊದಲು ಕೈಗೆತ್ತಿಕೊಳ್ಳಬೇಕು.