ಹಾರ ಬೇಡ, ಟೇಪು ನೋಡಿ

ವಿಶ್ವವಿದ್ಯಾಲಯದ ಮಹಿಳೆಯೊಬ್ಬರ ಕುರಿತ ಸಾಕ್ಷ್ಯಚಿತ್ರ ಎಂದರೆ ನಮ್ಮಲ್ಲಿ ಒಂದೇ ನಮೂನೆ. ಡ್ರೋನು ಕ್ಯಾಂಪಸ್ಸಿನ ಮೇಲೊಂದು ಸುತ್ತು ಹಾಕುತ್ತದೆ, ಕೊಳಲು ಕೇಳಿಸುತ್ತದೆ, ಗಡಸು ಕಂಠವೊಂದು ‘ಅಪರೂಪದ ಸಾಧಕಿ’ ಎನ್ನುತ್ತದೆ, ಮೇಡಂ ದೀಪ ಬೆಳಗುತ್ತಾರೆ. ಇದನ್ನು ಬೀಳ್ಕೊಡುಗೆಯ ವಿಡಿಯೊ ಎನ್ನಿ, ಅಡ್ಡಿಯಿಲ್ಲ. ಸಾಕ್ಷ್ಯಚಿತ್ರ ಎನ್ನಬೇಡಿ.

ರುಚಿ ಹತ್ತಬೇಕಾದರೆ ಶ್ಯಾರನ್ ಶಾಟಕ್ ಮತ್ತು ಇಯನ್ ಚೆನಿ ನಿರ್ದೇಶಿಸಿದ ‘ಪಿಕ್ಚರ್ ಎ ಸೈಂಟಿಸ್ಟ್’ (2020) ಹಚ್ಚಿಕೊಂಡು ಕೂರಿ. ಅದರಲ್ಲಿ ಮೂವರು ವಿಜ್ಞಾನಿಗಳಿದ್ದಾರೆ; ನೀವು ಅಮೆರಿಕದ ಎಂಐಟಿಯ ನ್ಯಾನ್ಸಿ ಹಾಪ್ಕಿನ್ಸ್ ಅವರನ್ನು ಹಿಡಿದುಕೊಳ್ಳಿ. ಝೀಬ್ರಾ ಮೀನಿನ ತೊಟ್ಟಿಗಳಿಗೆಂದು ಆಕೆ ಕೇಳಿದ್ದು ಇನ್ನೊಂದು 200 ಚದರಡಿ. ಸಿಗಲಿಲ್ಲ. ಗಂಡಸರಿಗೆ ಎಷ್ಟಿದೆ ಎಂದು ತಿಳಿಯಲು ರಾತ್ರಿ ಟೇಪು ಹಿಡಿದು ಪ್ರಯೋಗಾಲಯಗಳನ್ನೇ ಅಳೆಯಲು ಹೊರಟರು. ಹಿರಿಯರ ಮಾತಿರಲಿ, ಹೊಸದಾಗಿ ಸೇರಿದ ಗಂಡಸರಿಗೂ ಆಕೆಗಿಂತ ಹೆಚ್ಚು ಜಾಗವಿತ್ತು.

ಆ ಟೇಪನ್ನು ಬಿಡಬೇಡಿ. ಹಾಪ್ಕಿನ್ಸ್ ಅವರಿಗೆ ಹೋರಾಟದ ಹುಮ್ಮಸ್ಸೇನೂ ಇರಲಿಲ್ಲ. ಅಳೆಯುವುದು ಗೊತ್ತಿತ್ತು, ಅಳೆದರು. 1994ರಲ್ಲಿ ಎಂಐಟಿಯ ವಿಜ್ಞಾನ ವಿಭಾಗಗಳಲ್ಲಿ ಕಾಯಂ ಪ್ರಾಧ್ಯಾಪಕರಾಗಿದ್ದ ಗಂಡಸರು 194, ಹೆಂಗಸರು 15. ಆ ಹೆಂಗಸರನ್ನು ಒಟ್ಟುಗೂಡಿಸಿದ ಕೆಲಸ ಅಲ್ಲಿನ ಮಹಿಳಾ ಪ್ರಾಧ್ಯಾಪಕರ ಸ್ಥಿತಿಯ ಬಗೆಗಿನ 1999ರ ವರದಿಯವರೆಗೆ ಬಂತು. ಎಂಐಟಿಯ ಅಧ್ಯಕ್ಷ ಚಾರ್ಲ್ಸ್ ವೆಸ್ಟ್ ತಾರತಮ್ಯವನ್ನು ಬಹಿರಂಗವಾಗಿ ಒಪ್ಪಿಕೊಂಡರು. ನಾಯಕತ್ವ ಎಂದರೆ ಹಾಪ್ಕಿನ್ಸ್ ಮಾಡಿದ್ದು. ವೇದಿಕೆಯಿಲ್ಲ, ಶಾಲಿಲ್ಲ. ಆದರೆ ಚಿತ್ರ ಮುಗಿದ ಮೇಲೆ ನಮ್ಮ ಜನ ಮಾತಾಡುವುದು ಆಕೆಯ ಮೇಲೆ ಕೈಹಾಕಿದ ನೊಬೆಲ್ ವಿಜ್ಞಾನಿಯ ಬಗ್ಗೆ ಮಾತ್ರ! ಚದರಡಿಯ ಲೆಕ್ಕ ಯಾರಿಗೂ ಬೇಡ.

ಇಂಥ ಸಣ್ಣ ಲೆಕ್ಕಗಳಿಗೆ ನನ್ನ ಕಣ್ಣು ತೆರೆಸಿದ್ದು ಬರ್ಕ್ಲಿ ವಿಶ್ವವಿದ್ಯಾಲಯದ ಕುರಿತ ಫ್ರೆಡರಿಕ್ ವೈಸ್‌ಮನ್ನರ ಸಾಕ್ಷ್ಯಚಿತ್ರ ‘ಅಟ್ ಬರ್ಕ್ಲಿ’ (2013). ನಾಲ್ಕು ಗಂಟೆ, ಹಿನ್ನೆಲೆ ಧ್ವನಿಯೇ ಇಲ್ಲ, ಎಲ್ಲಿ ನೋಡಿದರೂ ಮೀಟಿಂಗು. ಫಿಲ್ಮ್ ಸೊಸೈಟಿಯ ಪ್ರದರ್ಶನದಲ್ಲಿ ಚಹಾಕ್ಕೆ ಎದ್ದವರು ವಾಪಸು ಬರಲಿಲ್ಲ. ಬಜೆಟ್ಟಿನ ಮಾತು ನಡೆಯುವಾಗ ಯಾರು ಪೆನ್ನು ತಿರುಗಿಸುತ್ತಾರೆ, ಯಾರ ಮಾತು ಅರ್ಧಕ್ಕೇ ನಿಲ್ಲುತ್ತದೆ ಎಂಬುದನ್ನು ನೋಡಲು ನಾನು ಕಲಿತದ್ದು ಅಲ್ಲೇ.

ಸಂಗೀತ, ಸಂಕಲನ ಇತ್ಯಾದಿ ನಿಮಗೇ ತಿಳಿಯುತ್ತದೆ. ಕಿರುಕುಳದ ಬಹುಪಾಲು ಕಣ್ಣಿಗೆ ಬೀಳದು ಎಂದು ತೋರಿಸುವ ‘ಪಿಕ್ಚರ್ ಎ ಸೈಂಟಿಸ್ಟ್’ನ ಹಿಮಗಡ್ಡೆ ಗ್ರಾಫಿಕ್ಸ್ ನನಗಂತೂ ಸೇರಲಿಲ್ಲ; ಅದು ಬರಿ ಪಾಠ, ಸಿನಿಮಾ ಅಲ್ಲ.

ನಮ್ಮಲ್ಲೂ ಇಂಥ ಚಿತ್ರ ಆಗಬಹುದು: ವಿಜಯಪುರದಲ್ಲಿ 2003ರಿಂದ ಮಹಿಳಾ ವಿಶ್ವವಿದ್ಯಾಲಯವಿದೆ. ಕ್ಯಾಮೆರಾ ಇರುವವರು ಯಾರಾದರೂ ಅಲ್ಲಿನ ಕುಲಪತಿಯ ಹಿಂದೆ ಒಂದು ಸೆಮಿಸ್ಟರ್ ಓಡಾಡಿ. ಘಟಿಕೋತ್ಸವದ ದಿನ ಮಾತ್ರ ರಜೆ ಹಾಕಿ.