ದನಿ ನಮ್ಮದು, ಅರ್ಥ ಯಾರದು?

ಮಸ್ಕಿಯ ಬಂಡೆಶಾಸನವನ್ನು 1915ರಲ್ಲಿ ಬೆಳಕಿಗೆ ತಂದವರು ಗಣಿ ಇಂಜಿನಿಯರ್ ಸಿ. ಬೀಡನ್. ಅದರಲ್ಲಿ ಅಶೋಕನ ಹೆಸರೇ ಇದ್ದದ್ದು ಚರಿತ್ರೆಕಾರರಿಗೆ ದೊಡ್ಡ ಸಂಭ್ರಮ. ಆದರೆ ಆ ಕಲ್ಲಿನಲ್ಲಿ ಮಾತಾಡುವವನು ಅರಸ ಮಾತ್ರ. ಕೇಳಿಸಿಕೊಂಡ ಜನ ಏನಂದರು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಬರಹದ ಈ ಏಕಮುಖಿ ಯಜಮಾನಿಕೆಯನ್ನು ಪ್ರಶ್ನಿಸುತ್ತಲೇ ದಲಿತ ವಿಮರ್ಶೆ ಬೆಳೆದಿದೆ.

ಈಗ ಜನರ ಮಾತನ್ನು ಕೇಳಿಸಿಕೊಳ್ಳುವ ಯಂತ್ರ ಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆ, ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ 2022ರಲ್ಲಿ ಸಾರಿದ ‘ವಾಣಿ’ ಯೋಜನೆ ದೇಶದ ಎಲ್ಲ ಜಿಲ್ಲೆಗಳ ಸುಮಾರು 10 ಲಕ್ಷ ಜನರಿಂದ ಒಂದೂವರೆ ಲಕ್ಷ ತಾಸಿಗೂ ಹೆಚ್ಚು ಮಾತನ್ನು ಮುದ್ರಿಸಿಕೊಳ್ಳುವ ಗುರಿ ಇಟ್ಟುಕೊಂಡಿತು. ಮೊದಲ ಸುತ್ತಿನಲ್ಲೇ ನಮ್ಮ ರಾಯಚೂರು ಜಿಲ್ಲೆಯೂ ಇದೆ. ಒಂದು ಚಿತ್ರ ತೋರಿಸುತ್ತಾರೆ. ಕಂಡದ್ದನ್ನು ನಮ್ಮ ಮಾತಿನಲ್ಲಿ ಹೇಳಬೇಕು.

ಪಠ್ಯಪುಸ್ತಕದ ಕನ್ನಡವೊಂದೇ ಕನ್ನಡವಲ್ಲ ಎಂಬ ಈ ತಿಳಿವಳಿಕೆ ಸಣ್ಣದಲ್ಲ. ಸಿಂಧನೂರಿನ ಗದ್ದೆಯಲ್ಲಿ ಭತ್ತ ನಾಟಿ ಮಾಡುವ ಹೆಣ್ಣುಮಗಳು ‘ನನ್ನ ರೊಕ್ಕ ಬ್ಯಾಂಕಿಗೆ ಬಂದೈತೇನು’ ಅಂತ ಕೇಳಿದರೆ ಯಂತ್ರಕ್ಕೆ ತಿಳಿಯಬೇಕು. ಬ್ಯಾಡ ಅನ್ನಲಿಕ್ಕೆ ನಾನ್ಯಾರು?

ನನ್ನ ತಕರಾರು ಬೇರೆ. ಯಂತ್ರ ನಮ್ಮಿಂದ ದನಿ ಕಲಿಯುತ್ತದೆ. ಅರ್ಥವನ್ನು ಕಲಿಯುವುದು ಬಹುಪಾಲು ಅಂತರ್ಜಾಲದಲ್ಲಿ ತುಂಬಿರುವ ಬರಹದಿಂದ. ಬರಹ ಯಾರ ಕೈಯಲ್ಲಿತ್ತು ಎಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಿಲ್ಲ. 2025ರಲ್ಲಿ ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ ಜಿಪಿಟಿ-5 ಎಂಬ ಯಂತ್ರಕ್ಕೆ ಬಿಟ್ಟಸ್ಥಳ ತುಂಬಲು ಕೊಟ್ಟಿತು. ಜಾಣನ ಜಾಗಕ್ಕೆ ಬ್ರಾಹ್ಮಣ ಬಂದ. ಚರಂಡಿ ಬಳಿಯುವವನ ಜಾಗಕ್ಕೆ ದಲಿತ ಬಂದ. ಯಂತ್ರಕ್ಕೆ ಜಾತಿ ಇಲ್ಲ ಅಂತಾರೆ. ಇಲ್ಲದಿರಬಹುದು, ಅದು ಓದಿದ ಪಾಠಕ್ಕೆ ಇದೆಯಲ್ಲ!

ಅಂದರೆ ಹಳೆಯ ಶ್ರಮವಿಭಜನೆಯೇ ಹೊಸ ವೇಷದಲ್ಲಿ ಬಂದಿದೆ: ಕೇರಿ ದನಿ ಕೊಡಬೇಕು, ಅಗ್ರಹಾರ ಅರ್ಥ ಕೊಡಬೇಕು. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಅದಿರು ಅಗೆದವನಿಗೆ ಪಗಾರ ಸಿಗುತ್ತದೆ, ಬಂಗಾರದ ಮೇಲೆ ಹಕ್ಕು ಸಿಗುವುದಿಲ್ಲ. ಮಾತಿನ ಗಣಿಯಲ್ಲೂ ಇದೇ ಲೆಕ್ಕ. ವ್ಯತ್ಯಾಸವೆಂದರೆ ಬಂಗಾರ ತಿರುಗಿ ಬಂದು ಅಗೆದವನನ್ನು ಅಳೆಯುವುದಿಲ್ಲ. ಈ ಯಂತ್ರ ನಾಳೆ ಸಾಲಕ್ಕೆ, ನೌಕರಿಗೆ ಬಂದವರನ್ನು ಅಳೆಯಲು ಕೂತರೆ ನಮ್ಮ ದನಿಯಿಂದಲೇ ನಮ್ಮ ಕೇರಿಯನ್ನು ಗುರುತಿಸೀತು.

ಬುಡ್ಗಜಂಗಮ ಸಮುದಾಯದ ದರೋಜಿ ಈರಮ್ಮ ಹಾಡಿದ ಕಾವ್ಯಗಳು ಅಚ್ಚಾದಾಗ ಅವು ಈರಮ್ಮನ ಕಾವ್ಯಗಳೆಂದೇ ಉಳಿದವು. ದತ್ತಾಂಶದಲ್ಲಿ ಹೆಸರು ಮರೆಸುತ್ತಾರೆ. ಅದು ಮಾತಾಡಿದವರ ರಕ್ಷಣೆಗೇ ಇರಬಹುದು, ಒಪ್ಪೋಣ. ಆದರೆ ಹೆಸರಿಲ್ಲದವರಿಗೆ ಹಕ್ಕೂ ಇಲ್ಲ ಎಂದಾಗಬಾರದು.

ನಾನು ಪಾಠ ಮಾಡುವ ತರಗತಿಗೆ ಈ ಮೂರೂ ತಾಲೂಕಿನ ಹುಡುಗರು ಬರುತ್ತಾರೆ. ‘ಹೋಗ್ಯಾನ’ ಎಂದು ಮಾತಾಡಿ ‘ಹೋಗಿದ್ದಾನೆ’ ಎಂದು ಬರೆಯುತ್ತಾರೆ. ಈ ನಡುವಿನ ದಾರಿಯಲ್ಲಿ ಏನು ಕಳೆಯಿತು ಎಂದು ಕೇಳುವುದೇ ನಮ್ಮ ವಿಮರ್ಶೆಯ ಕಸುಬು. ಹಾಗೆಯೇ ದತ್ತಾಂಶವನ್ನೂ ಒಂದು ಪಠ್ಯವೆಂದು ಓದಬೇಕು. ತೋರಿಸಿದ ಚಿತ್ರವನ್ನು ಆರಿಸಿದವರು ಯಾರು? ಕಸಬರಿಗೆ ಹಿಡಿದವಳ ಚಿತ್ರ ಕಂಡು ಕೇರಿಯವರು ಏನಂದರು, ಊರವರು ಏನಂದರು? ಕೇಳಿ ಬರೆದುಕೊಂಡವರು ನಮ್ಮ ನುಡಿಯನ್ನು ಶಿಷ್ಟಕ್ಕೆ ತಿದ್ದಿದರೇನು? ಕೊಟ್ಟ ಮಾತನ್ನು ವಾಪಸ್ ಕೇಳುವ ದಾರಿ ಏನು?

ಕಾದಂಬರಿ, ಕಾವ್ಯಗಳಿಗೆ ಕೇಳಿದ ಪ್ರಶ್ನೆಗಳೇ ಇವು. ಯಂತ್ರದ ಮುಂದೆ ನಾಲಿಗೆ ಕಚ್ಚಿಕೊಳ್ಳುವ ಅಗತ್ಯವಿಲ್ಲ.