ಕಾಳು ಉದುರದ ಚಕ್ರ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ರಸ್ತೆಗೂ ತಿ. ನರಸೀಪುರಕ್ಕೆ ಹೋಗುವ ರಸ್ತೆಗೂ ಒಂದೇ ನಂಬರು: ರಾಷ್ಟ್ರೀಯ ಹೆದ್ದಾರಿ 766. ಕೋಯಿಕ್ಕೋಡಿನಲ್ಲಿ ಹೊರಟು, ವಯನಾಡು ಹತ್ತಿ, ಬಂಡೀಪುರ ದಾಟಿ, ಗುಂಡ್ಲುಪೇಟೆ, ನಂಜನಗೂಡಿನ ಮೇಲೆ ಮೈಸೂರಿಗೆ ಬರುವ ಈ ಹೆದ್ದಾರಿ ಅಲ್ಲಿಂದ ಪೂರ್ವಕ್ಕೆ ಹೊರಳಿ ತಿ. ನರಸೀಪುರದ ಮೂಲಕ ಕೊಳ್ಳೇಗಾಲ ಸೇರುತ್ತದೆ. ನಕ್ಷೆಯಲ್ಲಿ ನೋಡಿದರೆ ಬಾಯಿ ತೆರೆದ ಕತ್ತರಿಯ ಹಾಗಿದೆ. ಮೈಸೂರೇ ಕತ್ತರಿಯ ಮೊಳೆ. ಎರಡು ಅಲಗುಗಳ ನಡುವೆ ಕಪಿಲೆ, ಅಂದರೆ ಕಬಿನಿ, ಹರಿಯುತ್ತಾಳೆ. ನಮ್ಮ ಕಡೆಯ ಭಾನುವಾರದ ಸೈಕಲ್ ಸವಾರರು ಹೆಚ್ಚಾಗಿ ಅಲಗಿನ ಮೇಲೆ ಓಡುತ್ತಾರೆ. ಸವಾರಿಯ ರುಚಿ ಇರುವುದು ಕತ್ತರಿಯ ಬಾಯೊಳಗೆ.

ಹತ್ತು ಹದಿನೈದು ವರ್ಷಗಳಲ್ಲಿ ಬೆಳೆದ ಈ ರೂಢಿಯನ್ನು ಒಂದು ಕೃತಿಯ ಹಾಗೆ ಓದಿ ಬೆಲೆ ಕಟ್ಟಿದವರು ಕಡಿಮೆ. ಪತ್ರಿಕೆಗಳಲ್ಲಿ ಬರುವುದು ಹೊಗಳಿಕೆಯೇ: ಆರೋಗ್ಯ, ಪರಿಸರ, ಪರಂಪರೆ. ಮೂರೂ ನಿಜ. ಹಾಗೆಂದು ಹೊಗಳಿ ಸುಮ್ಮನಾಗುವುದು ಪುಸ್ತಕದ ರಟ್ಟು ಚೆನ್ನಾಗಿದೆ ಎಂದು ಹೇಳಿ ಒಳಗೆ ತೆರೆಯದೆ ಇಟ್ಟಂತೆ. ನಾನೂ ಎಂಟು ವರ್ಷಗಳಿಂದ ಒಂದು ಹಳೆಯ ಗೇರ್ ಸೈಕಲ್ಲಿನಲ್ಲಿ ಈ ತಾಲ್ಲೂಕುಗಳನ್ನು ಸುತ್ತುತ್ತಿರುವವನು. ಆದ್ದರಿಂದ ಈ ಮಾತಿನಲ್ಲಿ ನನ್ನ ಪಾಲಿನ ತಪ್ಪೂ ಸೇರಿದೆ.

ಹೆಚ್ಚು ಹೆಸರಾದ ಸವಾರಿ ಸೋಮನಾಥಪುರದ್ದು. ಮೈಸೂರಿನಿಂದ ಸುಮಾರು 35 ಕಿಲೋಮೀಟರು. ಐದೂವರೆಗೆ ಹೊರಡುವುದು, ಮೀಟರಿನ ಮೇಲೆ ಕಣ್ಣಿಟ್ಟು ತುಳಿಯುವುದು, ಏಳರ ಸುಮಾರಿಗೆ ತಲುಪುವುದು. ಆ ಹೊತ್ತಿಗೆ ದೇವಾಲಯದ ಗೇಟು ತೆರೆದಿರುವುದಿಲ್ಲ. ಗೇಟಿನ ಮುಂದೆ ಸೈಕಲ್ ಸಾಲಾಗಿ ನಿಲ್ಲಿಸಿ ಫೋಟೊ ತೆಗೆದುಕೊಂಡು, ಬನ್ನೂರಿನಲ್ಲಿ ಇಡ್ಲಿ ತಿಂದು, ಬಿಸಿಲೇರುವ ಮೊದಲು ಮನೆ ಸೇರುವುದು. ಮೊದಲ ಎರಡು ವರ್ಷದಲ್ಲಿ ನಾನು ಹೀಗೆ ಏಳು ಸಲ ಸೋಮನಾಥಪುರಕ್ಕೆ ಹೋಗಿ ಬಂದೆ. ಕೇಶವ ದೇವಾಲಯವನ್ನು ಒಂದು ಸಲವೂ ನೋಡಿರಲಿಲ್ಲ.

ಇದು ಬರೀ ಸಮಯದ ಲೆಕ್ಕ ತಪ್ಪಿದ್ದಲ್ಲ. 1258ರಲ್ಲಿ, ಮೂರನೆಯ ನರಸಿಂಹನ ಕಾಲದಲ್ಲಿ, ದಂಡನಾಯಕ ಸೋಮನಾಥ ತನ್ನ ಹೆಸರಿನ ಅಗ್ರಹಾರದಲ್ಲಿ ಕಟ್ಟಿಸಿದ ಈ ಗುಡಿಯನ್ನು ನೋಡಬೇಕಾದ ಕ್ರಮವೇ ನಿಧಾನದ್ದು. ನಕ್ಷತ್ರದಂತೆ ಮೂಲೆಮೂಲೆಯಾಗಿ ಮುರಿದ ಜಗತಿಯ ಮೇಲೆ ಸುತ್ತು ಬರಬೇಕು. ಕೆಳಗಿನ ಸಾಲಿನಲ್ಲಿ ಆನೆ, ಅದರ ಮೇಲೆ ಕುದುರೆ ಸವಾರರು, ಮೇಲೆ ಬಳ್ಳಿ, ಆಮೇಲೆ ಪುರಾಣದ ಕಥೆ. ಕಥೆಯ ಸಾಲನ್ನು ಓದುತ್ತ ಹೋದರೆ ಹೆಜ್ಜೆ ತಾನಾಗಿ ಸಣ್ಣದಾಗುತ್ತದೆ. ಮೂರ್ತಿಗಳ ಪೀಠದಲ್ಲಿ ಮಲ್ಲಿತಮ್ಮನ ಹೆಸರು ಹುಡುಕುವುದಕ್ಕೆ ಕುಕ್ಕರುಗಾಲಿನಲ್ಲಿ ಕೂರಬೇಕು. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಇದು ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಗೇಟಿನ ಮುಂದೆ ಸೈಕಲ್ಲುಗಳು ಹೆಚ್ಚಿವೆ. ನಿಧಾನವೇ ನಮ್ಮ ಸುಖ ಎಂದು ಹೇಳಿಕೊಳ್ಳುವ ರೂಢಿ, ನಿಧಾನ ಬೇಕಾದ ಜಾಗಕ್ಕೆ ಬಂದಾಗಲೇ ಅವಸರ ಮಾಡುತ್ತದೆ. ಈ ಸವಾರಿಯ ಮೇಲೆ ನನ್ನ ಮೊದಲ ಆಕ್ಷೇಪ ಇದು.

ಫ್ರಾನ್ಸಿಗೆ ಹೋಗಿ ಬಂದ ಗೆಳೆಯನೊಬ್ಬ ದ್ರಾಕ್ಷಿ ತೋಟಗಳ ನಡುವೆ ಸೈಕಲ್ ಹೊಡೆದ ಫೋಟೊ ತೋರಿಸಿದ. ತಿರುವಿಗೊಂದು ಹಳೆಯ ಚರ್ಚು, ರಸ್ತೆಯಲ್ಲಿ ನರಪಿಳ್ಳೆಯಿಲ್ಲ. "ನಮ್ಮಲ್ಲಿ ಇಂಥದ್ದೆಲ್ಲಿದೆ?" ಎಂದ. ದ್ರಾಕ್ಷಿಯೇ ಬೇಕೆಂದರೆ ನಂದಿಬೆಟ್ಟದ ತಪ್ಪಲಿಗೆ ಹೋಗಬೇಕು. ಆದರೆ ನೇರ ಸಾಲಿನಲ್ಲಿ, ಎದೆಮಟ್ಟಕ್ಕೆ ಕತ್ತರಿಸಿ ಬೆಳೆಸಿದ ಹಸುರು ಬೇಕೆಂದರೆ ತಿ. ನರಸೀಪುರದ ಹಿಪ್ಪುನೇರಳೆ ಇದೆ. ಅದರ ಎಲೆ ತಿಂದ ಹುಳು ಕಟ್ಟಿದ ಗೂಡಿನಿಂದ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆ ಊರಲ್ಲೇ ಇದೆ. ಆ ನೂಲೇ ಮೈಸೂರು ಸಿಲ್ಕ್ ಸೀರೆಯಾಗುವುದು. ಬಾಳೆ ತೋಟಗಳಂತೂ ಲೆಕ್ಕವಿಲ್ಲ. ನಂಜನಗೂಡಿನ ರಸಬಾಳೆ ಮಾತ್ರ ಕೇಳಬೇಡಿ. ಪನಾಮ ಸೊರಗು ರೋಗ ಬಿದ್ದ ಮೇಲೆ ಅದನ್ನು ಬೆಳೆಯುವವರು ಬೆರಳೆಣಿಕೆಗೆ ಇಳಿದರು. ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿತು, ಹಣ್ಣು ಸಿಗದಾಯಿತು. ರಸ್ತೆ ಬದಿಯಲ್ಲಿ ರಸಬಾಳೆ ಎಂದು ಕೊಟ್ಟದ್ದನ್ನು ಎರಡು ಸಲ ಕೊಂಡು ತಿಂದಿದ್ದೇನೆ; ಎರಡು ಸಲವೂ ಅದು ಬೇರೆ ಜಾತಿ.

ಇನ್ನು ಕತ್ತರಿಯ ಬಾಯೊಳಗಿನ ದಾರಿ. ನಂಜನಗೂಡಿನಿಂದ ಕಪಿಲೆಯ ಜೊತೆಜೊತೆಗೇ ಸುತ್ತೂರಿನ ಕಡೆ ಹೊರಳಿ, ಗರ್ಗೇಶ್ವರಿ ದಾಟಿ ತಿ. ನರಸೀಪುರ ಸೇರುವುದು. ಹಾದಿಯ ತುಂಬ ಊರುಗಳು, ಊರಿಗೊಂದು ಗುಡಿ, ಮಠ, ದರ್ಗಾ. ಹೊಳೆ ತುಂಬಿ ಬಂದ ಮಳೆಗಾಲದಲ್ಲಿ ಸುತ್ತೂರಿನ ಸೇತುವೆ ಮುಳುಗಿ ದಾರಿಯೇ ಕಡಿದುಹೋಗುತ್ತದೆ. ಉಳಿದ ದಿನಗಳಲ್ಲಿ ಇದಕ್ಕಿಂತ ಸುಖದ ರಸ್ತೆ ನನಗೆ ಗೊತ್ತಿಲ್ಲ. ಕಾರಣ ಸರಳ: ಈ ಸೀಮೆಯ ಒಳದಾರಿಗಳಲ್ಲಿ ಬಹಳಷ್ಟು ನಾಲೆಯ ಪಕ್ಕದವು, ಇಲ್ಲವೇ ನಾಲೆಯ ಏರಿಯ ಮೇಲಿನವು. ನೀರಿಗೆ ಗುಡ್ಡ ಹತ್ತಲು ಬಾರದು. ಹಾಗಾಗಿ ನಾಲೆಯ ಜೊತೆ ಹೋಗುವ ದಾರಿಗೂ ದಿಣ್ಣೆಯಿಲ್ಲ. ಹುಲ್ಲಹಳ್ಳಿ, ರಾಂಪುರದ ನಾಲೆಗಳು ಹಳೆಯವು. ವರುಣಾ ನಾಲೆ ಮತ್ತು 1974ರಲ್ಲಿ ಮುಗಿದ ಕಬಿನಿ ಜಲಾಶಯದ ಬಲದಂಡೆ ನಾಲೆ ಅವುಗಳ ಮುಂದೆ ಮೊನ್ನೆ ಮೊನ್ನೆಯವು. ಯಾವ ಇಂಜಿನಿಯರೂ ಸೈಕಲ್ಲಿನವನನ್ನು ನೆನೆದು ಇವನ್ನು ತೋಡಲಿಲ್ಲ. ಆದರೂ ಮಂಡಿ ನೋವಿನ ಐವತ್ತರ ಮನುಷ್ಯ ಮೂವತ್ತು ಕಿಲೋಮೀಟರು ಹೋಗಿ ಬರುವಂತೆ ನೆಲ ಮಟ್ಟ ಮಾಡಿ ಕೊಟ್ಟವರು ಅವರೇ.

ನಾಲೆಯ ಮೇಲ್ಗಡೆ ಖುಷ್ಕಿ, ಕೆಳಗಡೆ ತರಿ. ಕಂದಾಯದವರ ಈ ಎರಡು ಪದ ಕಾರಿನಲ್ಲಿ ಹೋಗುವವನಿಗೆ ಕಾಗದದ ಮೇಲಿನವು. ಸೈಕಲ್ಲಿನವನಿಗೆ ಮೈಗೇ ತಾಗುತ್ತವೆ. ಎಡಗಡೆ ರಾಗಿ, ಹುರುಳಿ, ಒಣ ಗಾಳಿ. ಬಲಗಡೆ ಗದ್ದೆ ಬಯಲು, ಅಲ್ಲಿಂದ ಬರುವ ತಂಪು. ತೂಬಿನ ಹತ್ತಿರ ಬಂದಾಗ ಕೆಸರಿನ ವಾಸನೆ. ಒಂದು ಚಕ್ರದಷ್ಟು ಅಗಲದ ಗೆರೆಯ ಮೇಲೆ ಎರಡು ಸೀಮೆಯ ನಡುವೆ ಹೋಗುತ್ತಿರುವುದು ತಿಳಿಯುತ್ತದೆ. ದೇವಸ್ಥಾನಗಳ ಜಾಗವೂ ಆಗ ಅರ್ಥವಾಗತೊಡಗುತ್ತದೆ. ದೊಡ್ಡ ಗುಡಿಗಳೆಲ್ಲ ಇಳಿಜಾರಿನ ಕೊನೆಯಲ್ಲಿ, ನೀರಿನ ಅಂಚಿನಲ್ಲಿ, ಭತ್ತ ಬೆಳೆಯುವ ಮಗ್ಗುಲಲ್ಲಿ ಕೂತಿವೆ. ನಂದಾದೀಪ, ನೈವೇದ್ಯ, ದಾಸೋಹ ಎಲ್ಲದರ ಅಕ್ಕಿ ಬಂದದ್ದು ಈ ಕೆಳಗಡೆಯಿಂದ. ಪ್ರವಾಸಿ ಕೈಪಿಡಿ ಗುಡಿಯನ್ನು ಒಂಟಿಯಾಗಿ ಕಿತ್ತು ತೋರಿಸುತ್ತದೆ. ಸೈಕಲ್ ಅದನ್ನು ಗದ್ದೆಯ ತುದಿಯಲ್ಲಿಟ್ಟು ತೋರಿಸುತ್ತದೆ. ಈ ರೂಢಿಯ ನಿಜವಾದ ಗಳಿಕೆ ಇದೊಂದೇ ಎಂದರೂ ನನಗೆ ಸಾಕು.

ನಂಜನಗೂಡಿನ ಶ್ರೀಕಂಠೇಶ್ವರನನ್ನೇ ನೋಡಿ. ಸುಮಾರು 120 ಅಡಿ ಎತ್ತರದ ಏಳು ನೆಲೆಯ ಗೋಪುರ. 1840ರ ದಶಕದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಕಟ್ಟಿಸಿದ್ದು. ಕಾರಿನಲ್ಲಿ ಬಂದವರಿಗೆ ಪಾರ್ಕಿಂಗ್ ಚೀಟಿ ಹರಿಸಿಕೊಂಡು, ತೆಂಗಿನಕಾಯಿ ಅಂಗಡಿ ದಾಟಿ, ಕತ್ತೆತ್ತಿದಾಗ ಮಾತ್ರ ಅದು ಕಾಣುವುದು. ಹೊಳೆಯ ಕಡೆಯಿಂದ ಸೈಕಲ್ಲಿನಲ್ಲಿ ಬಂದರೆ ತೆಂಗಿನ ತಲೆಗಳ ನಡುವೆ ಕಂಡು, ಮರೆಯಾಗಿ, ಇನ್ನೊಂದು ತಿರುವಿನಲ್ಲಿ ಇನ್ನಷ್ಟು ದೊಡ್ಡದಾಗಿ ಎದ್ದುಬರುತ್ತದೆ. ಪಕ್ಕದಲ್ಲಿ 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಕಲ್ಲಿನ ಸೇತುವೆ. ಒಂದು ಕಾಲಕ್ಕೆ ಗಾಡಿಯನ್ನೂ ರೈಲನ್ನೂ ಒಟ್ಟಿಗೆ ಹೊತ್ತದ್ದು ಈಗ ಕೆಲಸ ಕಳೆದುಕೊಂಡು ನಿಂತಿದೆ. ದೊಡ್ಡ ಜಾತ್ರೆಗೆ ನೂರಾರು ಮೈಲಿ ನಡೆದು ಬರುತ್ತಿದ್ದವರಿಗೆ ಗೋಪುರ ಕಂಡಿದ್ದು ಹೀಗೇ, ಸ್ವಲ್ಪ ಸ್ವಲ್ಪವಾಗಿ. ಆ ಕ್ರಮವನ್ನು ನಮಗೆ ಮರಳಿ ಕೊಟ್ಟಿರುವುದು ಸೈಕಲ್.

ತಲಕಾಡು ಇದೇ ಪಾಠದ ತಲೆಕೆಳಗಾದ ರೂಪ. ಊರು ಮರಳಿನಲ್ಲಿ ಹೂತುಹೋದದ್ದಕ್ಕೆ ಹೇಳುವ ಅಲಮೇಲಮ್ಮನ ಶಾಪದ ಕಥೆ ಎಲ್ಲರಿಗೂ ಗೊತ್ತು. ಕೃಷಿ ವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯನವರು ಬೇರೆ ವಿವರಣೆ ಮುಂದಿಟ್ಟಿದ್ದಾರೆ: ಮಾಧವಮಂತ್ರಿ ಅಣೆಕಟ್ಟು ಕಾವೇರಿಯ ಹರಿವನ್ನು ಬದಲಿಸಿತು, ಬಯಲಿಗೆ ಬಿದ್ದ ಮರಳನ್ನು ಗಾಳಿ ಊರ ಮೇಲೆ ತಂದು ಸುರಿಯಿತು ಎಂದು. ಗಂಗರ ರಾಜಧಾನಿಯನ್ನು ಹೂತ ಮರಳು, ಗದ್ದೆಗೆ ನೀರುಣಿಸಿದ ಅಣೆಕಟ್ಟಿನ ಬೆಲೆ. ಆ ಮರಳಿನಲ್ಲಿ ಸೈಕಲ್ ಎಳೆದು ಸೋತಾಗ ಈ ವಾದವೇ ನನಗೆ ಹೆಚ್ಚು ಹತ್ತಿರವೆನಿಸಿತು. ಇಷ್ಟಾಗಿ ಅಣೆಕಟ್ಟಿನ ಕಡೆ ಸೈಕಲ್ ತಿರುಗಿಸಿದವರನ್ನು ನಾನು ಕಂಡಿದ್ದು ಕಡಿಮೆ. ಎಲ್ಲರಿಗೂ ಪಂಚಲಿಂಗವೇ ಬೇಕು.

ಒಂದು ಜನವರಿಯ ಬೆಳಿಗ್ಗೆ ಗರ್ಗೇಶ್ವರಿಗೆ ಇನ್ನೂ ದೂರವಿದ್ದಾಗ ಟಾರು ರಸ್ತೆಯ ಮೇಲೆ ಹುರುಳಿ ಹಾಸಿದ್ದರು. ಈ ಕಡೆ ಒಕ್ಕಣೆ ಕಣದಿಂದ ರಸ್ತೆಗೆ ಬಂದು ಬಹಳ ವರ್ಷವಾಯಿತು. ಬಸ್ಸು ಲಾರಿಯ ಚಕ್ರವೇ ಗುಂಡು, ಅದೇ ಎತ್ತು. ಸುತ್ತಿ ಹೋಗಲು ಜಾಗವಿರಲಿಲ್ಲ, ಮೇಲೇ ಹತ್ತಿಸಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಬಳ್ಳಿ ಹಿಂದಿನ ಗೇರಿನ ಹಲ್ಲಿಗೆ ಸುತ್ತಿ, ಚೈನು ಕಚ್ಚಿ, ಚಕ್ರ ನಿಂತಿತು. ಇಳಿದು, ಕೂತು, ಒಣಗಿದ ಎಳೆಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ. ಬೆರಳೆಲ್ಲ ಗ್ರೀಸು. ಕೈಯಲ್ಲಿ ಮೊರ ಹಿಡಿದಿದ್ದ ಅಜ್ಜಿಯೊಬ್ಬರು ಬಂದು ನಿಂತು ನೋಡಿದರು. ತಪ್ಪು ಮಾಡಿದವನ ಹಾಗೆ, "ಅವ್ವಾ, ಇನ್ನೆರಡು ಸಲ ಹೋಗಿ ಬರ್ಲಾ, ಕಾಳು ಉದುರುತ್ತೆ?" ಅಂದೆ. ಅವರು ಬಗ್ಗಿ ನನ್ನ ಟೈರನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಚುಕಿ ನೋಡಿದರು. "ಈ ಚಕ್ರುಕ್ಕೆ ಒಂದ್ ಉಳ್ಳಿಕಾಳೂ ಉದುರಕಿಲ್ಲ, ಬುಡು ಮಗ. ಬಸ್ ಬತ್ತದೆ, ಅದು ಉದುರಿಸ್ತದೆ."

ನಮ್ಮ ಸವಾರಿಯ ಬಗ್ಗೆ ಇದಕ್ಕಿಂತ ಚಿಕ್ಕ, ಇದಕ್ಕಿಂತ ನ್ಯಾಯವಾದ ವಿಮರ್ಶೆಯನ್ನು ನಾನು ಕೇಳಿಲ್ಲ. ಎಂಬತ್ತು ಸಾವಿರದ ಸೈಕಲ್ ಊರ ಮೇಲೆ ಹಾದುಹೋಗುತ್ತದೆ. ಊರಿಗೆ ಅದರಿಂದ ಕೇಡಿಲ್ಲ, ಕಾಳೂ ಇಲ್ಲ. ಎಳನೀರಿಗೆ ದುಡ್ಡು ಕೊಡುತ್ತೇವೆ, ನಿಜ. ಅಷ್ಟಕ್ಕೇ ಗ್ರಾಮೀಣ ಆರ್ಥಿಕತೆ ಎಂದೆಲ್ಲ ಮಾತಾಡುವುದು ಹೆಚ್ಚಾಯಿತು.

ಸೈಕಲ್ಲಿನಿಂದ ಕಾಣದ ಸಂಗತಿಗಳೂ ಇವೆ, ಅದನ್ನೂ ಹೇಳಬೇಕು. ನಂಜನಗೂಡಿನಿಂದ ಚಾಮರಾಜನಗರದ ರಸ್ತೆಯಲ್ಲಿ ಬದನವಾಳು ಸಿಗುತ್ತದೆ. ಗಾಂಧೀಜಿ ಬಂದು ಹೋದ ಖಾದಿ ಕೇಂದ್ರ. ಹಳೆಯ ಹೆಂಚಿನ ಕಟ್ಟಡಗಳು ಫೋಟೊಗೆ ಬಹಳ ಚೆನ್ನ. 2015ರಲ್ಲಿ ರಂಗಕರ್ಮಿ ಪ್ರಸನ್ನ ಸರಳ ಬದುಕಿನ ಸತ್ಯಾಗ್ರಹ ಹೂಡಿದ್ದು ಇಲ್ಲಿಂದಲೇ. 1993ರಲ್ಲಿ ದೇವಸ್ಥಾನ ಪ್ರವೇಶದ ವಿಚಾರ ಹೊತ್ತಿಕೊಂಡು ಮೂವರು ದಲಿತರ ಕೊಲೆಯಾದದ್ದೂ ಇದೇ ಊರಿನಲ್ಲಿ. ನಮ್ಮ ಗುಂಪು ಅಲ್ಲಿ ನೀರು ಕುಡಿಯಲು ನಿಂತಾಗ ಮೊದಲ ಎರಡು ವಿಷಯ ಎಲ್ಲರಿಗೂ ಗೊತ್ತಿತ್ತು, ಮೂರನೆಯದು ಒಬ್ಬರಿಗೋ ಇಬ್ಬರಿಗೋ. ಪ್ರಶಾಂತ ಹಳ್ಳಿ, ಹಳೆಯ ಗುಡಿ ಎಂದು ಬರೆಯುವಾಗ ಗುಡಿಯ ಬಾಗಿಲು ಯಾರಿಗೆ ತೆರೆದಿತ್ತು ಎಂದು ಕೇಳದಿದ್ದರೆ ನಮ್ಮ ಬರಹ ಕ್ಯಾಲೆಂಡರಿನ ಚಿತ್ರವಾಗುತ್ತದೆ. ದೇವನೂರ ಮಹಾದೇವರ ತಾಲ್ಲೂಕಿನಲ್ಲಿ ಓಡಾಡಿಕೊಂಡು ಇಷ್ಟನ್ನೂ ಮರೆಯುವುದು ನಾಚಿಕೆಗೇಡು. ಯಾವ ರಸ್ತೆ ಕೇರಿಗೆ ಹೋಗುತ್ತದೆ, ಯಾವುದು ಹೋಗದೆ ಸುತ್ತಿ ಬರುತ್ತದೆ ಎಂದು ಗಮನಿಸಲು ಗಂಟೆಗೆ ಹದಿನೈದು ಕಿಲೋಮೀಟರಿನ ವೇಗ ಧಾರಾಳ ಸಾಕು. ಗಮನಿಸುವ ಮನಸ್ಸು ಬೇಕು.

ಈ ದಾರಿಗಳಲ್ಲಿ ನಿಜವಾಗಿ ಸೈಕಲ್ ತುಳಿದವರು ನಾವಲ್ಲ. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಆಮೇಲಿನ ವರ್ಷಗಳಲ್ಲಿ ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ನಾಲೆ ಏರಿಯ ಮೇಲೆ ಎರಡು ಜಡೆಯ ಹುಡುಗಿಯರು, ಮುಂದೆ ಬುಟ್ಟಿ, ಹಿಂದೆ ತಂಗಿ, ಸಾಲುಸಾಲಾಗಿ ಹೈಸ್ಕೂಲಿಗೆ ಹೋಗುತ್ತಿದ್ದರು. ಅವರ ಬೆಲ್ಲಿನ ಸದ್ದಿಗೆ ನಾನು ದಾರಿ ಬಿಟ್ಟಿದ್ದೇನೆ. ಕೋವಿಡ್ ಕಾಲದಲ್ಲಿ ಆ ಸೈಕಲ್ ಹಂಚಿಕೆ ನಿಂತಿತು. ಈಗ ಕಾಣುವವು ಅಕ್ಕನಿಂದ ತಂಗಿಗೆ ಬಂದ, ಬ್ರೇಕು ಸಡಿಲಾದ ಹಳೆಯವು. ಸೈಕಲ್ ಪಥ ಬೇಕೆಂದು ಮನವಿ ಬರೆಯುವ ನಗರದ ಸವಾರರು ಈ ಸೈಕಲ್ಲಿಗಾಗಿ ಒಂದು ಸಾಲು ಬರೆದದ್ದನ್ನು ನಾನು ನೋಡಿಲ್ಲ. ನಾನೂ ಬರೆದಿರಲಿಲ್ಲ.

ಹೀಗಿರುವಾಗ ಈ ರೂಢಿಗೆ ಅಂಕ ಹೇಗೆ ಕೊಡುವುದು? ಹೆದ್ದಾರಿಯ ಮೇಲೆ ಸಮಯ ಅಳೆಯುವ ಸವಾರಿಗೆ ನಾನು ಹೆಚ್ಚು ಕೊಡಲಾರೆ. ಅದು ಜಿಮ್ಮನ್ನು ಬಯಲಿಗೆ ತಂದದ್ದು, ಜೊತೆಗೆ ಅಪಾಯದ್ದು. ಬಂಡೀಪುರದ ರಾತ್ರಿ ಸಂಚಾರ ನಿಷೇಧ ಬೆಳಗಿನ ಆರಕ್ಕೆ ಮುಗಿಯುತ್ತದೆ. ಅಲ್ಲಿ ಕಾದು ನಿಂತ ಲಾರಿಗಳು ಒಟ್ಟಿಗೆ ಹೊರಟು ನಂಜನಗೂಡಿನ ಕಡೆ ನುಗ್ಗುವ ಹೊತ್ತಿಗೇ ನಮ್ಮವರು ವಾಪಸಾಗುತ್ತಿರುತ್ತಾರೆ. ನಾಲೆ ದಾರಿಯ ಸವಾರಿಯದು ಬೇರೆ ಮಾತು. ನೆಲದ ಓರೆ, ನೀರಿನ ದಿಕ್ಕು, ಗುಡಿಯ ಜಾಗ ಇವನ್ನು ಕಾಲಿಗೆ ಕಲಿಸುವ ಇನ್ನೊಂದು ವಾಹನ ನನಗೆ ಗೊತ್ತಿಲ್ಲ. ನಡಿಗೆ ಇದಕ್ಕಿಂತ ಮೇಲು ಎನ್ನುವವರಿದ್ದಾರೆ. ಸರಿ, ಆದರೆ ನಂಜನಗೂಡಿನಲ್ಲಿ ತಿಂಡಿ ತಿಂದು ನಡೆದು ಹೊರಟವರು ತಿ. ನರಸೀಪುರ ಸೇರುವಷ್ಟರಲ್ಲಿ ಗುಂಜಾ ನರಸಿಂಹಸ್ವಾಮಿಗೆ ಬಾಗಿಲು ಹಾಕಿರುತ್ತದೆ. ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚಿನ ಕ್ಷೇತ್ರ ಅದು, ತಪ್ಪಿಸಿಕೊಳ್ಳಬಾರದು. ಅಲ್ಲಿಂದ ಹೊಳೆಯ ಆಚೆ ತಿರುಮಕೂಡಲು, ಅಗಸ್ತ್ಯೇಶ್ವರನ ಗುಡಿ, ಕಾವೇರಿ ಕಪಿಲೆ ಕೂಡುವ ಜಾಗ. ಅಲ್ಲಿ ಮೆಟ್ಟಿಲ ಮೇಲೆ ಕೂತು ಕಾಲು ನೀರಿಗಿಳಿಬಿಟ್ಟ ಮೇಲೆ ಮೀಟರು ನೋಡುವ ಮನಸ್ಸು ಯಾರಿಗೂ ಬರುವುದಿಲ್ಲ.

ಹೋಗುವವರಿಗೆ ಎರಡೇ ಮಾತು. ಹುರುಳಿ ಹಾಸಿರುವ ಕಡೆ ಇಳಿದು, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಅಂಚಿನಲ್ಲಿ ನಡೆಯಿರಿ. ಸೋಮನಾಥಪುರದ ಗೇಟು ಒಂಬತ್ತರ ಹೊತ್ತಿಗೆ ತೆರೆದಿರುತ್ತದೆ. ಮೈಸೂರನ್ನು ಏಳಕ್ಕೆ ಬಿಟ್ಟರೆ ಸಾಕು.